ಗಡಿಯಾಚೆಯ ಚಲನ್, ಊರಿನ ಪರವಾನಗಿ: ಹೊರರಾಜ್ಯದ ಸಂಚಾರ ದಂಡವು ಚಾಲಕನ ದಾಖಲೆಯನ್ನು ಸೇರುವ ಬಗೆ

(ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳು, ಯುವಕ ಸಂಘಗಳು ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಓದಿ ಚರ್ಚಿಸಲು ಸಿದ್ಧಪಡಿಸಿದ ಕಾನೂನು ಅರಿವು ಪಾಠ)

ಪೀಠಿಕೆ

ಕೋಲಾರ ಜಿಲ್ಲೆಯ ಜನಜೀವನವು ರಾಜ್ಯದ ಗಡಿಯೊಳಗೆ ನಿಲ್ಲುವಂಥದ್ದಲ್ಲ. ಪೂರ್ವಕ್ಕೆ ಆಂಧ್ರಪ್ರದೇಶ, ದಕ್ಷಿಣಕ್ಕೆ ತಮಿಳುನಾಡು. ಮಾರುಕಟ್ಟೆಯಿಂದ ಹೊರಟ ಟೊಮೆಟೊ ವಾಹನ ಬೆಳಗಾಗುವುದರೊಳಗೆ ನೆರೆರಾಜ್ಯದ ಮಂಡಿಯಲ್ಲಿರುತ್ತದೆ. ಹೊಸೂರಿನ ಕಾರ್ಖಾನೆಗಳಿಗೆ ದಿನವೂ ದ್ವಿಚಕ್ರ ವಾಹನದಲ್ಲಿ ಹೋಗಿಬರುವ ಯುವಕರಿದ್ದಾರೆ. ತಿರುಪತಿಗೆ ಹರಕೆ ಹೊತ್ತು ಬಾಡಿಗೆ ವಾಹನದಲ್ಲಿ ಹೊರಡುವ ಕುಟುಂಬಗಳಿಗೆ ಲೆಕ್ಕವಿಲ್ಲ. ಹೀಗಿರುವಾಗ ಗಡಿಯಾಚೆ ಸಂಚಾರ ನಿಯಮ ಉಲ್ಲಂಘನೆಗೆ ದಂಡ ಬೀಳುವುದು ನಮ್ಮವರಿಗೆ ಅಪರೂಪದ ಸಂಗತಿಯೇನಲ್ಲ.

ಆದರೆ ಅಂಥ ದಂಡದ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. "ಅದು ಬೇರೆ ರಾಜ್ಯದ ಚಲನ್, ನಮ್ಮ ಆರ್.ಟಿ.ಒ. ಕಚೇರಿಗೆ ಬರುವುದಿಲ್ಲ" ಎಂಬುದು ಮೊದಲನೆಯದು. "ದಂಡ ಕಟ್ಟಿ ರಸೀದಿ ಪಡೆದಾಯಿತು, ಅಲ್ಲಿಗೆ ಮುಗಿಯಿತು" ಎಂಬುದು ಎರಡನೆಯದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ಮಾತ್ರ ಸರಿ. ಚಾಲನೆಯಿಂದಲೇ ಅನ್ನ ಸಂಪಾದಿಸುವವರಿಗೆ ಈ ಅರ್ಧ ತಿಳಿವಳಿಕೆಯಿಂದ ಕೆಲಸವೇ ಕೈತಪ್ಪಬಹುದು. ಆದಕಾರಣ 1988ರ ಮೋಟಾರು ವಾಹನ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಈ ಪಾಠದಲ್ಲಿ ಒಂದು ಉದಾಹರಣೆಯ ಮೂಲಕ ಅರಿಯೋಣ.

ಉದಾಹರಣೆ

ಒಬ್ಬ ಚಾಲಕನಿದ್ದಾನೆಂದು ಭಾವಿಸೋಣ. ಅವನ ಪರವಾನಗಿಯನ್ನು ಕೋಲಾರದ ಪ್ರಾದೇಶಿಕ ಸಾರಿಗೆ ಕಚೇರಿ ನೀಡಿದೆ, ಸಂಖ್ಯೆ ಕೆ.ಎ. 07ರಿಂದ ಆರಂಭವಾಗುತ್ತದೆ. ಅವನು ಓಡಿಸುವ ಪಿಕಪ್ ವಾಹನ ಬೇರೊಬ್ಬ ಮಾಲೀಕರದು. ನೆರೆರಾಜ್ಯದ ಒಂದು ಪಟ್ಟಣದಲ್ಲಿ ಮೊಬೈಲ್ ಫೋನ್ ಕೈಯಲ್ಲಿ ಹಿಡಿದು ಮಾತನಾಡುತ್ತ ವಾಹನ ಓಡಿಸುವಾಗ ಪೊಲೀಸರು ಅವನನ್ನು ತಡೆದು, ಪರವಾನಗಿ ಸಂಖ್ಯೆಯನ್ನು ದಾಖಲಿಸಿಕೊಂಡು ಚಲನ್ ನೀಡುತ್ತಾರೆ. ಅವನು ಸ್ಥಳದಲ್ಲೇ ದಂಡ ಕಟ್ಟಿ ಊರಿಗೆ ಮರಳುತ್ತಾನೆ. ಎಂಟು ತಿಂಗಳ ನಂತರ ಕರ್ನಾಟಕದ ಹೆದ್ದಾರಿಯಲ್ಲಿ ಅದೇ ತಪ್ಪಿಗೆ ಮತ್ತೆ ಸಿಕ್ಕಿಬೀಳುತ್ತಾನೆ. ಇದನ್ನು ಮೊದಲ ಅಪರಾಧವೆಂದು ಎಣಿಸಬೇಕೆ, ಎರಡನೆಯದೆಂದು ಎಣಿಸಬೇಕೆ? ಪಾಠದ ಕೊನೆಯಲ್ಲಿ ಈ ಪ್ರಶ್ನೆಗೆ ಹಿಂತಿರುಗೋಣ.

1. ಪರವಾನಗಿಗೆ ಗಡಿಯಿಲ್ಲ, ದಾಖಲೆಗೂ ಗಡಿಯಿಲ್ಲ

ಕಾಯ್ದೆಯ 13ನೇ ಕಲಂ ಪ್ರಕಾರ ಯಾವುದೇ ರಾಜ್ಯದಲ್ಲಿ ನೀಡಿದ ಚಾಲನಾ ಪರವಾನಗಿಯು ಭಾರತದಾದ್ಯಂತ ಸಿಂಧುವಾಗಿರುತ್ತದೆ. ವಾಹನದ ನೋಂದಣಿಯ ವಿಷಯದಲ್ಲಿ 46ನೇ ಕಲಂ ಇದೇ ಮಾತನ್ನು ಹೇಳುತ್ತದೆ. ಕೋಲಾರದ ಪರವಾನಗಿ ಹಿಡಿದು ಕಾಶ್ಮೀರದವರೆಗೆ ವಾಹನ ಓಡಿಸಲು ನಮಗೆ ಹಕ್ಕು ಬಂದಿರುವುದು ಈ ಕಲಂಗಳಿಂದಲೇ.

ಹಕ್ಕು ದೇಶವ್ಯಾಪಿಯಾದ ಮೇಲೆ ಹೊಣೆಯೂ ದೇಶವ್ಯಾಪಿಯೇ. ಕಾಯ್ದೆಯ 210ನೇ ಕಲಂ ಇದನ್ನು ಸ್ಪಷ್ಟಪಡಿಸುತ್ತದೆ. ಪರವಾನಗಿ ಹೊಂದಿದ ವ್ಯಕ್ತಿಯನ್ನು ಈ ಕಾಯ್ದೆಯಡಿ ಅಪರಾಧಿಯೆಂದು ತೀರ್ಮಾನಿಸಿದ ಪ್ರತಿಯೊಂದು ನ್ಯಾಯಾಲಯವೂ ಆ ಸಂಗತಿಯನ್ನು ಪರವಾನಗಿ ನೀಡಿದ ಪ್ರಾಧಿಕಾರಕ್ಕೂ, ಅದನ್ನು ಕೊನೆಯ ಬಾರಿ ನವೀಕರಿಸಿದ ಪ್ರಾಧಿಕಾರಕ್ಕೂ ತಿಳಿಸತಕ್ಕದ್ದು. ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಅಪರಾಧದ ಸ್ವರೂಪ ಮತ್ತು ವಿಧಿಸಿದ ಶಿಕ್ಷೆಯ ವಿವರಗಳು ಆ ತಿಳಿವಳಿಕೆ ಪತ್ರದಲ್ಲಿ ಇರಬೇಕು. ನ್ಯಾಯಾಲಯ ಯಾವ ರಾಜ್ಯದ್ದು ಎಂಬ ಭೇದವನ್ನು ಕಲಂ ಮಾಡಿಲ್ಲ.

ಹಿಂದೆ ಇಂಥ ಪತ್ರಗಳು ಅಂಚೆಯ ಹಾದಿಯಲ್ಲಿ ತಡವಾಗುತ್ತಿದ್ದವು, ಕೆಲವು ತಲುಪುತ್ತಲೂ ಇರಲಿಲ್ಲ. "ಹೊರರಾಜ್ಯದ ಚಲನ್ ಇಲ್ಲಿಗೆ ಬರುವುದಿಲ್ಲ" ಎಂಬ ನಂಬಿಕೆ ಹುಟ್ಟಿದ್ದು ಆ ಕಾಲದಲ್ಲಿ. ಇಂದು ಪರವಾನಗಿಗಳಿಗೆ ಸಾರಥಿ, ವಾಹನಗಳಿಗೆ ವಾಹನ್, ದಂಡಕ್ಕೆ ಇ-ಚಲನ್ ಎಂಬ ತಂತ್ರಾಂಶಗಳು ಬಹುತೇಕ ರಾಜ್ಯಗಳಲ್ಲಿ ಬಳಕೆಯಲ್ಲಿವೆ. 2019ರ ತಿದ್ದುಪಡಿಯು ಕಾಯ್ದೆಗೆ 25ಎ ಮತ್ತು 62ಬಿ ಕಲಂಗಳನ್ನು ಸೇರಿಸಿ, ಚಾಲನಾ ಪರವಾನಗಿಗಳಿಗೂ ಮೋಟಾರು ವಾಹನಗಳಿಗೂ ರಾಷ್ಟ್ರೀಯ ರಿಜಿಸ್ಟರುಗಳನ್ನು ಇಡಲು ಅವಕಾಶ ಕಲ್ಪಿಸಿದೆ. ನೆರೆರಾಜ್ಯದ ರಸ್ತೆಯಲ್ಲಿ ನಮೂದಾದ ಪರವಾನಗಿ ಸಂಖ್ಯೆ ಊರಿನ ಕಚೇರಿಯ ಗಣಕಯಂತ್ರದಲ್ಲಿ ಕಾಣಿಸಿಕೊಳ್ಳಲು ಇಂದು ಅಂಚೆಯವನು ಬೇಕಿಲ್ಲ.

2. ವಾಹನದ ಲೆಕ್ಕ ಬೇರೆ, ಚಾಲಕನ ಲೆಕ್ಕ ಬೇರೆ

ಚಲನ್ ಯಾರ ಹೆಸರಿನಲ್ಲಿ ಏಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಪೊಲೀಸರು ವಾಹನವನ್ನು ತಡೆದು ಚಾಲಕನ ಪರವಾನಗಿಯನ್ನು ಪರಿಶೀಲಿಸಿದರೆ ಚಲನ್ ಆ ಪರವಾನಗಿ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಕ್ಯಾಮೆರಾ ಹಿಡಿದ ಉಲ್ಲಂಘನೆಯಲ್ಲಿ ಕಾಣುವುದು ನಂಬರ್ ಪ್ಲೇಟ್ ಮಾತ್ರ. ಆದ್ದರಿಂದ ನೋಟಿಸು ವಾಹನದ ನೋಂದಾಯಿತ ಮಾಲೀಕರಿಗೆ ಹೋಗುತ್ತದೆ.

ಮಾಲೀಕರೇ ವಾಹನ ಓಡಿಸದಿದ್ದ ಪಕ್ಷದಲ್ಲಿ 133ನೇ ಕಲಂ ಅನ್ವಯವಾಗುತ್ತದೆ. ಅಧಿಕಾರವುಳ್ಳ ಪೊಲೀಸ್ ಅಧಿಕಾರಿ ಕೇಳಿದಾಗ, ಆ ಸಮಯದಲ್ಲಿ ವಾಹನ ಓಡಿಸುತ್ತಿದ್ದ ಚಾಲಕನ ಹೆಸರು, ವಿಳಾಸ ಮತ್ತು ಪರವಾನಗಿಯ ವಿವರ ನೀಡುವುದು ಮಾಲೀಕರ ಕರ್ತವ್ಯ. ಬಾಡಿಗೆಗೆ ವಾಹನ ಬಿಡುವವರು ಯಾವ ದಿನ ಯಾರು ಓಡಿಸಿದರೆಂದು ಒಂದು ಪುಸ್ತಕದಲ್ಲಿ ಬರೆದಿಡುವುದು ಈ ಕಾರಣಕ್ಕೆ ಹಿತಕರ. ಪುಸ್ತಕವಿಲ್ಲದ ಮನೆಯಲ್ಲಿ ಒಬ್ಬರ ತಪ್ಪು ಮತ್ತೊಬ್ಬರ ತಲೆಗೆ ಬರುವ ಸಂಭವವುಂಟು.

ಕ್ಯಾಮೆರಾ ಚಲನ್ ಬಾಕಿ ಉಳಿದರೆ ಅದರ ಪರಿಣಾಮ ಮೊದಲು ಕಾಣುವುದು ವಾಹನದ ದಾಖಲೆಯಲ್ಲಿ. ಮಾರಾಟದ ವೇಳೆ ಮಾಲೀಕತ್ವ ವರ್ಗಾವಣೆಗೆ, ವಾಹನವನ್ನು ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿದಾಗ ಬಾಕಿ ಚಲನ್ ಅಡ್ಡಬರುವುದುಂಟು. ಹಳೆಯ ವಾಹನ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಆ ನಂಬರಿನ ಮೇಲೆ ಯಾವ ಯಾವ ರಾಜ್ಯದ ಚಲನ್‌ಗಳು ಬಾಕಿ ಇವೆಯೆಂದು ನೋಡಿಕೊಳ್ಳುವುದು ಒಳಿತು.

3. ದಂಡ ಕಟ್ಟಿದ ಮೇಲೆ ಉಳಿಯುವುದೇನು?

200ನೇ ಕಲಂ ಪ್ರಕಾರ ಕೆಲವು ಅಪರಾಧಗಳನ್ನು ನ್ಯಾಯಾಲಯದ ಮೆಟ್ಟಿಲೇರದೆ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೊತ್ತ ಕಟ್ಟಿ ರಾಜಿ ಮಾಡಿಕೊಳ್ಳಬಹುದು. ಹೆಲ್ಮೆಟ್ ಧರಿಸದಿರುವುದು, ಅತಿವೇಗ, ಕೈಯಲ್ಲಿ ಫೋನ್ ಹಿಡಿದು ಚಾಲನೆ ಮಾಡುವುದು ಮುಂತಾದವು ಈ ಪಟ್ಟಿಯಲ್ಲಿವೆ. ಮದ್ಯಪಾನ ಮಾಡಿ ವಾಹನ ಓಡಿಸುವ ಅಪರಾಧ ಈ ಪಟ್ಟಿಯಲ್ಲಿಲ್ಲ. ಅದು ನ್ಯಾಯಾಲಯಕ್ಕೇ ಹೋಗತಕ್ಕದ್ದು.

ರಾಜಿ ದಂಡ ಕಟ್ಟಿದರೆ ಆ ಅಪರಾಧದ ಮೊಕದ್ದಮೆ ಅಲ್ಲಿಗೆ ನಿಲ್ಲುತ್ತದೆ ಎಂಬುದು ನಿಜ. ಆದರೆ 2019ರ ತಿದ್ದುಪಡಿಯು ಈ ಕಲಮಿಗೆ ಮುಖ್ಯವಾದ ಷರತ್ತುಗಳನ್ನು ಜೋಡಿಸಿದೆ. ಒಂದು: ರಾಜಿಯಾದ ಅಪರಾಧವನ್ನೂ ಹಿಂದೆ ಎಸಗಿದ ಅಪರಾಧವೆಂದೇ ಪರಿಗಣಿಸಿ, ಮುಂದೆ ಅದೇ ತಪ್ಪು ನಡೆದರೆ ಅದನ್ನು ಪುನರಾವರ್ತನೆಯೆಂದು ಎಣಿಸಲಾಗುವುದು. ಎರಡು: ರಾಜಿ ಮಾಡಿಕೊಂಡ ಮಾತ್ರಕ್ಕೆ ಪರವಾನಗಿಯನ್ನು ಅನರ್ಹಗೊಳಿಸುವ ನಡವಳಿಯಿಂದಾಗಲೀ, ಪುನರ್ ತರಬೇತಿ ಪಡೆಯುವ ಹೊಣೆಯಿಂದಾಗಲೀ ಚಾಲಕನಿಗೆ ಬಿಡುಗಡೆ ಇಲ್ಲ. ರಸೀದಿ ಹಣದ ಋಣವನ್ನು ತೀರಿಸುತ್ತದೆ, ದಾಖಲೆಯನ್ನು ಅಳಿಸುವುದಿಲ್ಲ.

ನ್ಯಾಯಾಲಯದಲ್ಲಿ ಅಪರಾಧ ರುಜುವಾತಾದರೆ ಪರಿಣಾಮ ಇನ್ನೂ ಗಾಢವಾದುದು. 24ನೇ ಕಲಂ ಪ್ರಕಾರ ಅನರ್ಹತೆಯ ಆದೇಶದ ವಿವರವನ್ನೂ, ನಿಯಮಗಳಲ್ಲಿ ಸೂಚಿಸಿದ ಅಪರಾಧಗಳ ತೀರ್ಪಿನ ವಿವರವನ್ನೂ ಪರವಾನಗಿಯ ಮೇಲೆ ಹಿಂಬರಹವಾಗಿ ನಮೂದಿಸಬೇಕು. ಹೊಸ ಪರವಾನಗಿ ಪಡೆದರೆ ಹಿಂಬರಹ ಮಾಯವಾಗುವುದೆಂದು ಯಾರೂ ತಿಳಿಯಬಾರದು. 25ನೇ ಕಲಂ ಪ್ರಕಾರ ಅದು ಹೊಸ ಪರವಾನಗಿಗೂ ವರ್ಗವಾಗುತ್ತದೆ.

ಆದರೆ ಕಾಯ್ದೆ ತಿದ್ದಿಕೊಂಡವನಿಗೆ ದಾರಿಯನ್ನೂ ಬಿಟ್ಟಿದೆ. ಕೊನೆಯ ಹಿಂಬರಹದ ದಿನದಿಂದ ನಿರಂತರವಾಗಿ 3 ವರ್ಷ ಬೇರೆ ಹಿಂಬರಹ ಬೀಳದಿದ್ದರೆ, ನಿಗದಿತ ಶುಲ್ಕ ಕಟ್ಟಿ ಹಿಂಬರಹವಿಲ್ಲದ ಹೊಸ ಪರವಾನಗಿ ಪಡೆಯಲು ಚಾಲಕನಿಗೆ ಹಕ್ಕುಂಟು. ಹಿಂಬರಹ ವೇಗಮಿತಿ ಮೀರಿದ್ದಕ್ಕೆ ಮಾತ್ರ ಸಂಬಂಧಿಸಿದ್ದರೆ 1 ವರ್ಷ ಸಾಕು. ಅನರ್ಹತೆಯಲ್ಲಿ ಕಳೆದ ಅವಧಿಯನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

4. ಪರವಾನಗಿಗೇ ಕುತ್ತು ತರುವ ಅಪರಾಧಗಳು

206ನೇ ಕಲಮಿನ 4ನೇ ಉಪಕಲಂ ಎಲ್ಲ ಚಾಲಕರೂ ತಿಳಿದಿರಬೇಕಾದುದು. ಅತಿವೇಗ, ಅಪಾಯಕರ ಚಾಲನೆ, ಮದ್ಯ ಸೇವಿಸಿ ಚಾಲನೆ, ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು, ಸುರಕ್ಷಿತವಲ್ಲದ ವಾಹನ ಬಳಸುವುದು, ದ್ವಿಚಕ್ರ ವಾಹನದಲ್ಲಿ ಮಿತಿ ಮೀರಿ ಸವಾರರನ್ನು ಕೂರಿಸುವುದು, ಹೆಲ್ಮೆಟ್ ಧರಿಸದಿರುವುದು, ಆಂಬುಲೆನ್ಸ್ ಮುಂತಾದ ತುರ್ತು ವಾಹನಗಳಿಗೆ ದಾರಿ ಬಿಡದಿರುವುದು: ಇವುಗಳಲ್ಲಿ ಯಾವುದೇ ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದರೆ ಪೊಲೀಸ್ ಅಧಿಕಾರಿಯು ಪರವಾನಗಿಯನ್ನು ವಶಕ್ಕೆ ಪಡೆದು, 19ನೇ ಕಲಮಿನ ನಡವಳಿಗಾಗಿ ಪರವಾನಗಿ ಪ್ರಾಧಿಕಾರಕ್ಕೆ ಕಳುಹಿಸತಕ್ಕದ್ದು. ಫೋನ್ ಹಿಡಿದು ವಾಹನ ಓಡಿಸುವುದು ಅಪಾಯಕರ ಚಾಲನೆಯ ವ್ಯಾಖ್ಯೆಯೊಳಗೆ ಬರುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ವಶಕ್ಕೆ ಪಡೆದ ಅಧಿಕಾರಿ ತಾತ್ಕಾಲಿಕ ಸ್ವೀಕೃತಿ ಪತ್ರ ನೀಡುತ್ತಾರೆ. ಈ ಉಪಕಲಮಿನಡಿ ನೀಡಿದ ಸ್ವೀಕೃತಿಯನ್ನು ಹಿಡಿದು, ಪರವಾನಗಿ ಮರಳಿ ಕೈಸೇರುವವರೆಗೆ ವಾಹನ ಓಡಿಸುವಂತಿಲ್ಲ. "ಚೀಟಿ ಇದೆಯಲ್ಲ" ಎಂದು ಓಡಿಸಿದರೆ ಮತ್ತೊಂದು ಅಪರಾಧಕ್ಕೆ ದಾರಿಯಾದೀತು.

ಪ್ರಾಧಿಕಾರವು ಚಾಲಕನಿಗೆ ತನ್ನ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಟ್ಟ ನಂತರವೇ ತೀರ್ಮಾನಿಸಬೇಕು. ಕಾರಣಗಳನ್ನು ಬರೆದು ಆದೇಶ ಮಾಡಬೇಕು. ಮೊದಲ ಅಪರಾಧವಾದರೆ 3 ತಿಂಗಳ ಅನರ್ಹತೆ. ಎರಡನೆಯ ಅಥವಾ ನಂತರದ ಅಪರಾಧವಾದರೆ ಪರವಾನಗಿಯ ರದ್ದತಿ. ಅಹವಾಲು ಸಮರ್ಪಕವೆನಿಸಿದರೆ ಚಾಲಕನನ್ನು ಬಿಡುಗಡೆ ಮಾಡುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಆದೇಶದಿಂದ ಬಾಧಿತರಾದವರು ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದಕಾರಣ ಸಾರಿಗೆ ಕಚೇರಿಯಿಂದ ಬಂದ ನೋಟಿಸನ್ನು ತೆರೆಯದೆ ಬೀರುವಿನಲ್ಲಿ ಇಡುವುದು ಚಾಲಕನು ತನಗೆ ತಾನೇ ಮಾಡಿಕೊಳ್ಳುವ ಅತಿ ದೊಡ್ಡ ಹಾನಿ.

ಸರಕು ವಾಹನದವರು ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. ಅನುಮತಿಸಿದ ತೂಕಕ್ಕಿಂತ ಹೆಚ್ಚು ಹೇರಿದರೆ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿಯಾದ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಸರಕು ಇಳಿಸುವ ಖರ್ಚೂ ಅವರದೇ. ಇದಲ್ಲದೆ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮವು ಅತಿಭಾರ ಹೇರುವುದನ್ನೂ, ಸರಕು ವಾಹನದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದನ್ನೂ ಪರವಾನಗಿ ಅನರ್ಹಗೊಳಿಸಲು ಸಾಕಾಗುವ ಕೃತ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ದಂಡದಲ್ಲಿ ಮಾಲೀಕರು ಪಾಲು ಕೊಟ್ಟಾರು. ಅನರ್ಹತೆಯಲ್ಲಿ ಯಾರೂ ಪಾಲು ಹೊರಲಾರರು.

5. ಮೊತ್ತದಲ್ಲಿ ವ್ಯತ್ಯಾಸ, ಪರಿಣಾಮದಲ್ಲಿ ಸಮಾನತೆ

ಕಾಯ್ದೆ ದೇಶಕ್ಕೆ ಒಂದೇ ಆದರೂ ರಾಜಿ ದಂಡದ ಮೊತ್ತವನ್ನು ಆಯಾ ರಾಜ್ಯ ಸರ್ಕಾರಗಳು ಗೊತ್ತುಪಡಿಸುತ್ತವೆ. 2019ರ ಸೆಪ್ಟೆಂಬರ್ 1ರಿಂದ ಹೊಸ ದಂಡಗಳು ಜಾರಿಗೆ ಬಂದ ಬಳಿಕ ಕರ್ನಾಟಕ ಸರ್ಕಾರವು ಅದೇ ತಿಂಗಳಲ್ಲಿ ಹಲವು ಮೊತ್ತಗಳನ್ನು ಇಳಿಸಿತು. ಹೆಲ್ಮೆಟ್ ಧರಿಸದಿದ್ದರೆ ಇದ್ದ 1,000 ರೂಪಾಯಿ 500 ಆಯಿತು. ನೆರೆರಾಜ್ಯದಲ್ಲಿ ಇದೇ ಮೊತ್ತವಿರಬೇಕೆಂದಿಲ್ಲ. ತಪ್ಪು ನಡೆದ ಸ್ಥಳದ ದರವೇ ಅನ್ವಯ.

ರಿಯಾಯಿತಿಯೂ ಹಾಗೆಯೇ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಸಂಚಾರ ಚಲನ್‌ಗಳಿಗೆ ಶೇಕಡ 50ರ ರಿಯಾಯಿತಿ ದೊರೆತಾಗ ಅದು ನಮ್ಮ ರಾಜ್ಯದ ಚಲನ್‌ಗಳಿಗೆ ಮಾತ್ರ ಸಂಬಂಧಿಸಿತ್ತು. "ರಿಯಾಯಿತಿ ಬಂದಾಗ ಕಟ್ಟೋಣ" ಎಂದು ಹೊರರಾಜ್ಯದ ಚಲನ್ ಉಳಿಸಿಕೊಂಡವರಿಗೆ ಇಂಥ ಸೌಲಭ್ಯ ಇಲ್ಲಿಂದ ಸಿಗಲಾರದು. ಮೊತ್ತ ಕಡಿಮೆಯಿರಲಿ, ಹೆಚ್ಚಿರಲಿ, ದಾಖಲೆಯ ಮೇಲಿನ ಪರಿಣಾಮ ಮಾತ್ರ ಎಲ್ಲೆಡೆ ಒಂದೇ.

6. ಹೊರರಾಜ್ಯದ ಚಲನ್ ಬಂದಾಗ ಅನುಸರಿಸಬೇಕಾದ ಕ್ರಮ

ಮೊದಲನೆಯದಾಗಿ, ಚಲನ್ ನಿಜವೇ ಎಂದು ಪರಿಶೀಲಿಸಬೇಕು. ಚಲನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಕಡತಗಳನ್ನು ಒತ್ತಿ, ಬ್ಯಾಂಕ್ ಖಾತೆಯ ಹಣ ಕಳೆದುಕೊಂಡವರಿದ್ದಾರೆ. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಪರಿವಾಹನ್ ಜಾಲತಾಣದ ಇ-ಚಲನ್ ವಿಭಾಗವನ್ನು ತಾವೇ ತೆರೆದು ವಾಹನ ಸಂಖ್ಯೆ ಅಥವಾ ಪರವಾನಗಿ ಸಂಖ್ಯೆಯಿಂದ ಹುಡುಕಬೇಕು. ಸರ್ಕಾರಿ ಜಾಲತಾಣದ ವಿಳಾಸ "ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ಮೋಸ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಎರಡನೆಯದಾಗಿ, ವಿವರಗಳನ್ನು ತಾಳೆ ನೋಡಬೇಕು. 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಮುಂತಾದ ಸಾಧನಗಳಿಂದ ನೀಡಿದ ಚಲನ್‌ನಲ್ಲಿ ಉಲ್ಲಂಘನೆಯನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಚಿತ್ರ, ದಿನಾಂಕ, ಸಮಯ, ಸ್ಥಳ ಮತ್ತು ಉಲ್ಲಂಘಿಸಿದ ಕಲಂ ಇರಬೇಕು. ಚಿತ್ರದಲ್ಲಿರುವುದು ನಮ್ಮ ವಾಹನವೇ? ಆ ದಿನ ಅದು ಅಲ್ಲಿತ್ತೇ? ಬೇರೆಯವರು ನಮ್ಮ ಸಂಖ್ಯೆಯ ನಕಲಿ ಪ್ಲೇಟ್ ಬಳಸಿರುವ ಸಂದೇಹವಿದ್ದರೆ ನಮ್ಮ ವಾಹನದ ಚಿತ್ರ, ಆ ದಿನದ ಫಾಸ್ಟ್ಯಾಗ್ ವಿವರ, ಮಂಡಿಯ ಚೀಟಿ ಮುಂತಾದ ಪುರಾವೆಗಳೊಂದಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಸ್ಥಳೀಯ ಪೊಲೀಸ್ ಠಾಣೆಯಲ್ಲೂ ದೂರು ದಾಖಲಿಸಬೇಕು.

ಮೂರನೆಯದಾಗಿ, ಕಟ್ಟುವುದೋ ಎದುರಿಸುವುದೋ ಎಂಬುದನ್ನು ಯೋಚಿಸಿ ನಿರ್ಧರಿಸಬೇಕು. ತಪ್ಪು ನಮ್ಮದೇ ಆಗಿದ್ದರೆ ಬೇಗ ಕಟ್ಟುವುದೇ ಲೇಸು. ತಪ್ಪು ನಮ್ಮದಲ್ಲದಿದ್ದರೆ, ಮೊತ್ತ ಚಿಕ್ಕದೆಂದು ಕಟ್ಟಿ ಕೈತೊಳೆದುಕೊಳ್ಳಬಾರದು. ಹಾಗೆ ಕಟ್ಟಿದ್ದು ಮುಂದೆ ನಮ್ಮ ಮೊದಲ ಅಪರಾಧವಾಗಿ ಎದುರು ನಿಂತೀತು. ವರ್ಚುವಲ್ ನ್ಯಾಯಾಲಯಕ್ಕೆ ಹೋದ ಚಲನ್‌ಗಳಲ್ಲಿ ದಂಡ ಕಟ್ಟುವ ಆಯ್ಕೆಯೂ, ಪ್ರಕರಣವನ್ನು ಎದುರಿಸುವ ಆಯ್ಕೆಯೂ ಇರುತ್ತವೆ. ಎದುರಿಸುವವರ ಪ್ರಕರಣ ಆ ಪ್ರದೇಶದ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಸಮನ್ಸ್ ಬಂದರೆ ಸ್ವತಃ ಹೋಗಲಾಗದವರು ಬಹುತೇಕ ಪ್ರಕರಣಗಳಲ್ಲಿ ವಕೀಲರ ಮೂಲಕ ಹಾಜರಾಗಲು 208ನೇ ಕಲಂ ಅವಕಾಶ ಕೊಟ್ಟಿದೆ.

ನಾಲ್ಕನೆಯದಾಗಿ, ರಸೀದಿಯನ್ನು ಕಾಪಾಡಿಕೊಳ್ಳಬೇಕು. ಹಣ ಕಟ್ಟಿದ ಕೆಲವು ದಿನಗಳ ನಂತರ ಮತ್ತೆ ಜಾಲತಾಣ ನೋಡಿ ಬಾಕಿ ತೀರಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವಾಹನದ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಮತ್ತು ವಿಳಾಸ ಹಳೆಯದಾಗಿದ್ದರೆ ನೋಟಿಸು ಬೇರೆಡೆ ಹೋಗುತ್ತದೆ. ಅವನ್ನು ಸರಿಪಡಿಸಿಕೊಳ್ಳುವುದು ಈ ಎಲ್ಲ ಕ್ರಮಗಳಿಗೂ ತಳಪಾಯ.

ವಕೀಲರನ್ನಿಟ್ಟುಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.

7. ಉದಾಹರಣೆಗೆ ಉತ್ತರ

ಈಗ ನಮ್ಮ ಪಿಕಪ್ ಚಾಲಕನ ವಿಷಯಕ್ಕೆ ಮರಳೋಣ. ನೆರೆರಾಜ್ಯದಲ್ಲಿ ಅವನು ದಂಡ ಕಟ್ಟಿ ರಾಜಿ ಮಾಡಿಕೊಂಡಿದ್ದ. ಆ ಕಾರಣಕ್ಕೆ ಅಪರಾಧ ಇಲ್ಲವಾಗಲಿಲ್ಲ. 200ನೇ ಕಲಮಿನ ಷರತ್ತಿನಂತೆ ಅದು ಲೆಕ್ಕದಲ್ಲಿ ಉಳಿಯಿತು. ಕರ್ನಾಟಕದಲ್ಲಿ ನಡೆದ ತಪ್ಪು, ಈ ರಾಜ್ಯದಲ್ಲಿ ಮೊದಲನೆಯದಾದರೂ, ಕಾಯ್ದೆಯ ಕಣ್ಣಿಗೆ ಎರಡನೆಯದು. ದಂಡದ ಪ್ರಮಾಣ ಏರುವುದಷ್ಟೇ ಅಲ್ಲ. ಪರವಾನಗಿ ಪ್ರಾಧಿಕಾರದ ಮುಂದೆ 3 ತಿಂಗಳ ಅನರ್ಹತೆಯ ಬದಲು ರದ್ದತಿಯ ಪ್ರಶ್ನೆಯೇ ಏಳಬಹುದು. ಮನೆಯ ದುಡಿಮೆ, ವಾಹನದ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಆ ಒಂದು ಕಾರ್ಡಿನ ಮೇಲೆ ನಿಂತಿರುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಮೊದಲ ಚಲನ್ ಬಂದ ದಿನವೇ ಈ ಲೆಕ್ಕ ಅವನಿಗೆ ತಿಳಿದಿದ್ದರೆ, ಎರಡನೆಯ ಬಾರಿ ಫೋನ್ ಗಂಟೆ ಬಾರಿಸಿದಾಗ ವಾಹನವನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದನೇನೋ.

ಅರಿವು ಕೇಂದ್ರಗಳ ಮೇಲ್ವಿಚಾರಕರು ತಮ್ಮ ಗ್ರಾಮದ ಚಾಲಕರನ್ನೂ ವಾಹನ ಮಾಲೀಕರನ್ನೂ ಒಂದು ಸಂಜೆ ಕರೆದು ಈ ಪಾಠವನ್ನು ಓದಿ ಹೇಳುವುದು, ಇಚ್ಛಿಸಿದವರಿಗೆ ತಮ್ಮ ಪರವಾನಗಿ ಮತ್ತು ವಾಹನದ ಮೇಲಿನ ಬಾಕಿ ಚಲನ್‌ಗಳನ್ನು ಕೇಂದ್ರದ ಗಣಕಯಂತ್ರದಲ್ಲಿ ನೋಡಿಕೊಳ್ಳಲು ನೆರವಾಗುವುದು ಅಪೇಕ್ಷಣೀಯ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಕ್ರಮ ಕೈಗೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ಸದ್ಯದ ಸ್ಥಿತಿಯನ್ನು ವಿಚಾರಿಸತಕ್ಕದ್ದು.

ಚರ್ಚೆಗಾಗಿ ಪ್ರಶ್ನೆಗಳು

1. ಹೊರರಾಜ್ಯದ ನ್ಯಾಯಾಲಯದ ತೀರ್ಪು ನಮ್ಮ ಊರಿನ ಪರವಾನಗಿ ಪ್ರಾಧಿಕಾರವನ್ನು ಯಾವ ಕಲಮಿನ ಮೂಲಕ ತಲುಪುತ್ತದೆ?

2. ರಾಜಿ ದಂಡ ಕಟ್ಟಿದ ನಂತರವೂ ಚಾಲಕನ ಮೇಲೆ ಉಳಿಯುವ ಹೊಣೆಗಳು ಯಾವುವು?

3. ತನ್ನ ವಾಹನವನ್ನು ಬೇರೊಬ್ಬರು ಓಡಿಸುವಾಗ ಕ್ಯಾಮೆರಾ ಚಲನ್ ಬಂದರೆ ಮಾಲೀಕರ ಕರ್ತವ್ಯವೇನು? ಅದಕ್ಕಾಗಿ ಅವರು ಯಾವ ಲೆಕ್ಕ ಇಟ್ಟಿರಬೇಕು?

4. ತಾನು ಮಾಡದ ತಪ್ಪಿಗೆ ಬಂದ 500 ರೂಪಾಯಿಯ ಚಲನ್ ಅನ್ನು "ಹೋಗಲಿ" ಎಂದು ಕಟ್ಟಿಬಿಡುವುದರಿಂದ ಮುಂದೆ ಆಗಬಹುದಾದ ತೊಂದರೆಯೇನು?

5. ಪರವಾನಗಿಯ ಮೇಲಿನ ಹಿಂಬರಹವನ್ನು ಕಳೆದುಕೊಳ್ಳಲು ಚಾಲಕನು ಎಷ್ಟು ಕಾಲ, ಹೇಗೆ ನಡೆದುಕೊಳ್ಳಬೇಕು?